ದೂರದರ್ಶಕ ಕೊಳ್ಳುವಾಗ ‘ಎಷ್ಟು ಪಟ್ಟು’ ಎಂದು ಕೇಳಬೇಡಿ

ಸಂಪಾದಕರಿಗೆ,

ಮಾನ್ಯರೆ,

ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟಂತೆ ಕಾಣುವ ದಿನ ಬಂತೆಂದರೆ ದೂರದರ್ಶಕಗಳ ಮಾರಾಟವೂ ಚುರುಕಾಗುತ್ತದೆ. ಮಗಳ ಹುಟ್ಟುಹಬ್ಬಕ್ಕೆಂದು ಅಪ್ಪ, ಪ್ರಯೋಗಾಲಯಕ್ಕೆಂದು ಮುಖ್ಯೋಪಾಧ್ಯಾಯರು, ಓದಿದ ಶಾಲೆಗೆ ಏನಾದರೂ ಕೊಡೋಣವೆಂದು ಹಳೆಯ ವಿದ್ಯಾರ್ಥಿಗಳು, ಹೀಗೆ ಎಲ್ಲರೂ ಮೊಬೈಲಿನಲ್ಲಿ ಹುಡುಕಿ ತರಿಸುವುದು ಹೆಚ್ಚುಕಡಿಮೆ ಒಂದೇ ಸಾಮಾನು: ಕಡ್ಡಿಯಂಥ ಅಲ್ಯೂಮಿನಿಯಂ ಕಾಲುಗಳ ಮೇಲೆ ನಿಂತ ಬಿಳಿ ಕೊಳವೆ, ಡಬ್ಬದ ಮೇಲೆ ಬಣ್ಣಬಣ್ಣದ ಶನಿ, ಪಕ್ಕದಲ್ಲಿ ‘525 ಪಟ್ಟು’ ಎಂಬ ದಪ್ಪಕ್ಷರ. ಎರಡು ರಾತ್ರಿ ಹೊರಗೆ ಬಂದು ಮೂರನೆಯ ರಾತ್ರಿ ಅದು ಅಟ್ಟ ಸೇರುತ್ತದೆ. ಮಕ್ಕಳಿಗೆ ಆಸಕ್ತಿಯಿಲ್ಲ ಎಂದು ದೊಡ್ಡವರು ಷರಾ ಬರೆದುಬಿಡುತ್ತಾರೆ. ಆ 525ರ ಲೆಕ್ಕವನ್ನು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ದುಡ್ಡೂ ಉಳಿಯುತ್ತಿತ್ತು, ಆಸಕ್ತಿಯೂ ಉಳಿಯುತ್ತಿತ್ತು.

ಲೆಕ್ಕ ಹೈಸ್ಕೂಲು ಮಟ್ಟದ್ದು. ಮುಂದಿನ ಮಸೂರದ ಸಂಗಮದೂರವನ್ನು ಕಣ್ಣಿಡುವ ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ಇಂಥ ಕೊಳವೆಗಳ ಸಂಗಮದೂರ ಸಾಮಾನ್ಯವಾಗಿ 700 ಮಿ.ಮೀ. ಜೊತೆಗೆ ಬಂದ 4 ಮಿ.ಮೀ. ಐಪೀಸ್ ಹಾಕಿದರೆ 175. ನಡುವೆ ಮೂರು ಪಟ್ಟಿನ ಬಾರ್ಲೊ ಮಸೂರ ತುರುಕಿದರೆ 525. ಕಾಗದದ ಮೇಲೆ ಸುಳ್ಳೇನೂ ಇಲ್ಲ. ಆದರೆ ಎಷ್ಟು ವಿವರ ಕಾಣಬಹುದು ಎಂಬುದನ್ನು ತೀರ್ಮಾನಿಸುವುದು ಮುಂದಿನ ಮಸೂರದ ಅಗಲ. ಒಂದು ಮಿ.ಮೀ. ಅಗಲಕ್ಕೆ ಎರಡು ಪಟ್ಟಿನಂತೆ ಹಿಡಿದರೆ ಇಂಥ ಕೊಳವೆಯ 60 ಮಿ.ಮೀ. ಮಸೂರಕ್ಕೆ 120 ಪಟ್ಟೇ ಮಿತಿ. ಬೆಳಕಿನ ತರಂಗ ಸ್ವಭಾವದಿಂದಾಗಿ ಈ ಅಳತೆಯ ಮಸೂರ ಸುಮಾರು 2 ಆರ್ಕ್‌ಸೆಕೆಂಡಿಗಿಂತ (ಒಂದು ಆರ್ಕ್‌ಸೆಕೆಂಡು ಎಂದರೆ ಡಿಗ್ರಿಯ 3600ರಲ್ಲೊಂದು ಭಾಗ) ಹತ್ತಿರವಿರುವ ಎರಡು ಚುಕ್ಕಿಗಳನ್ನು ಬಿಡಿಸಿ ತೋರಿಸಲಾರದು. ಅದರಾಚೆ ಹಿಗ್ಗಿಸುವುದೆಂದರೆ ಪಾಸ್‌ಪೋರ್ಟ್ ಫೋಟೋವನ್ನು ಸರ್ಕಲ್ಲಿನ ಫ್ಲೆಕ್ಸಿಗೆ ಹಿಗ್ಗಿಸಿದ ಹಾಗೆ: ಮುಖ ದೊಡ್ಡದಾಗುತ್ತದೆ, ಮೂಗು ಯಾವುದು ಕಣ್ಣು ಯಾವುದು ತಿಳಿಯುವುದಿಲ್ಲ. ಬೆಳಕೂ ಅಷ್ಟೇ. 60 ಮಿ.ಮೀ. ಅಗಲದಲ್ಲಿ ಒಳಗೆ ಬಂದದ್ದು 525 ಪಟ್ಟಿನಲ್ಲಿ ಕೂದಲೆಳೆಯಷ್ಟು, ಅಂದರೆ 0.11 ಮಿ.ಮೀ. ದಪ್ಪದ ಕಿರಣವಾಗಿ ಹೊರಬೀಳುತ್ತದೆ. ಬಿಂಬ ಮಸುಕಾಗಿ, ನೋಡುವವರ ಕಣ್ಣೊಳಗಿನ ಕಸವೇ ಗ್ರಹಕ್ಕಿಂತ ಸ್ಪಷ್ಟವಾಗಿ ತೇಲುತ್ತದೆ.

ಇನ್ನೊಂದು ಪೆಟ್ಟು ಭೂಮಿಯ ಸುತ್ತಾಟದ್ದು. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 525 ಪಟ್ಟಿನಲ್ಲಿ ಅಗ್ಗದ ಐಪೀಸಿನೊಳಗೆ ಕಾಣುವ ಆಕಾಶದ ತುಂಡು ಎಷ್ಟು ಚಿಕ್ಕದೆಂದರೆ ಶನಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 20 ಸೆಕೆಂಡಿನೊಳಗೆ ಓಡಿಹೋಗುತ್ತದೆ. ಹಿಡಿಯಲು ಹೋಗಿ ಕೊಳವೆ ಮುಟ್ಟಿದರೆ ಮುಕ್ಕಾಲಿ ನಡುಗುತ್ತದೆ. ನಡುಕ ನಿಲ್ಲುವ ಹೊತ್ತಿಗೆ ಶನಿ ಇರುವುದಿಲ್ಲ. ಸಾಲಿನಲ್ಲಿ ನಿಂತ ಅರವತ್ತು ಮಕ್ಕಳಲ್ಲಿ ಐವತ್ತು ಮಂದಿ ಕಪ್ಪು ಬಯಲನ್ನು ನೋಡಿ, ಟೀಚರಿಗೆ ಬೇಜಾರಾಗದಿರಲೆಂದು ‘ಕಾಣ್ತು ಮಿಸ್’ ಎನ್ನುತ್ತಾರೆ.

ಅಸಲಿಗೆ ಅಷ್ಟು ಪಟ್ಟು ಬೇಕಾಗಿಯೇ ಇಲ್ಲ. ಗುರುಗ್ರಹ ಹತ್ತಿರವಿದ್ದಾಗ ಅದರ ಅಗಲ ಸುಮಾರು 45 ಆರ್ಕ್‌ಸೆಕೆಂಡು. ಬರೀ 40 ಪಟ್ಟಿನಲ್ಲಿ ಅದು ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನಷ್ಟೇ ದೊಡ್ಡದಾಗುತ್ತದೆ. ಪಟ್ಟೆಗಳನ್ನು ನೋಡಲು 80ರಿಂದ 120 ಸಾಕು. ಗುರುವಿನ ನಾಲ್ಕು ಉಪಗ್ರಹಗಳನ್ನು ಗೆಲಿಲಿಯೋ 1610ರ ಜನವರಿಯಲ್ಲಿ ಕಂಡದ್ದು 20ರ ಆಸುಪಾಸಿನ ಪಟ್ಟಿನಲ್ಲಿ.

ಹಾಗಾದರೆ ಏನು ಕೊಳ್ಳಬೇಕು? ಕೈಯಲ್ಲಿ ಐದಾರು ಸಾವಿರವಷ್ಟೇ ಇದ್ದರೆ ದೂರದರ್ಶಕದ ಆಸೆ ಬಿಟ್ಟು 10x50 ಬೈನಾಕ್ಯುಲರ್ ತೆಗೆದುಕೊಳ್ಳಿ (10 ಪಟ್ಟು, 50 ಮಿ.ಮೀ. ಅಗಲ). ಮೊಣಕೈಯನ್ನು ತಾರಸಿಯ ಪ್ಯಾರಾಪೆಟ್ ಮೇಲೆ ಊರಿ ಹಿಡಿದರೆ ಗುರುವಿನ ಉಪಗ್ರಹಗಳು, ಕೃತ್ತಿಕೆಯ ಹತ್ತಾರು ನಕ್ಷತ್ರಗಳು, ಮಹಾವ್ಯಾಧನ ಸೊಂಟಪಟ್ಟಿಯ ಕೆಳಗಿನ ನೀಹಾರಿಕೆ ಎಲ್ಲ ಸಿಗುತ್ತವೆ. ಆಸಕ್ತಿ ಇಳಿದರೂ ನಷ್ಟವಿಲ್ಲ, ಹಕ್ಕಿ ನೋಡಲಾದರೂ ಬರುತ್ತದೆ.

ಶಾಲೆಗಾದರೆ 130 ಅಥವಾ 150 ಮಿ.ಮೀ. ಕನ್ನಡಿಯ ಡಾಬ್ಸೋನಿಯನ್. ಹೆಸರಷ್ಟೇ ದೊಡ್ಡದು. ಪ್ಲೈವುಡ್ಡಿನ ತಿರುಗುವ ಪೀಠದ ಮೇಲೆ ಕೂರಿಸಿದ, ಮಸೂರದ ಬದಲು ಕನ್ನಡಿಯಿಂದ ಬೆಳಕು ಹಿಡಿಯುವ ನ್ಯೂಟನ್ ಮಾದರಿಯ ಕೊಳವೆ, ಬೆರಳಲ್ಲಿ ತಳ್ಳಿದತ್ತ ತಿರುಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. 150 ಮಿ.ಮೀ. ಕನ್ನಡಿ ಕತ್ತಲಿಗೆ ಪೂರ್ತಿ ಅರಳಿದ 7 ಮಿ.ಮೀ. ಪಾಪೆಗಿಂತ 450 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಕೇಳಬೇಕಾದ ‘ಪಟ್ಟು’ ಏನಾದರೂ ಇದ್ದರೆ ಇದು.

ಅಂಗಡಿಯಲ್ಲಿ ಎರಡು ವಿಷಯಕ್ಕೆ ಎಚ್ಚರ ಬೇಕು. ಮೊದಲನೆಯದು ‘114 ಮಿ.ಮೀ., ಸಂಗಮದೂರ 1000 ಮಿ.ಮೀ.’ ಎಂದು ಬರೆದಿದ್ದು, ಕೊಳವೆ ಮಾತ್ರ ಅರ್ಧ ಮೀಟರೂ ಇಲ್ಲದಿರುವ ನ್ಯೂಟನ್ ದೂರದರ್ಶಕ. ಸಂಗಮದೂರ ಒಂದು ಮೀಟರಾದರೆ ಕೊಳವೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದ ಇರಬೇಕಲ್ಲವೆ? ಇಲ್ಲವೆಂದರೆ ಅಗ್ಗದ ಗೋಳಾಕಾರದ ಕನ್ನಡಿಯ ದೋಷ ಮುಚ್ಚಲು, ಐಪೀಸ್ ಕೂರುವ ಫೋಕಸರಿನೊಳಗೆ ಒಂದು ಚಿಲ್ಲರೆ ಮಸೂರ ಕೂರಿಸಿದ್ದಾರೆ ಎಂದರ್ಥ. ಅದರ ಬಿಂಬ ಎಂದೂ ಹರಿತವಾಗುವುದಿಲ್ಲ. ಕನ್ನಡಿ ಹೊಂದಿಸಲು ಹೊರಟರೂ ಆ ಮಸೂರವೇ ಅಡ್ಡ ಬರುತ್ತದೆ.

ಎರಡನೆಯದು ಭಾರದ ಗುಂಡು ತೂಗುಬಿಟ್ಟ ಇಕ್ವಟೋರಿಯಲ್ ಮೌಂಟ್, ಅಂದರೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಸುತ್ತ ತಿರುಗುವ ಪೀಠ. ನೋಡಲು ವಿಜ್ಞಾನಿಗಳ ಸಾಮಾನಿನಂತೆ ಇರುವುದರಿಂದ ಶಾಲೆಗಳಿಗೆ ಇದೇ ಇಷ್ಟ. ಅದರ ಅಕ್ಷವನ್ನು ಧ್ರುವ ನಕ್ಷತ್ರದತ್ತ ತಿರುಗಿಸಬೇಕು, ಧ್ರುವದ ಎತ್ತರವೋ ನಿಮ್ಮ ಊರಿನ ಅಕ್ಷಾಂಶದಷ್ಟೇ. ಬೆಂಗಳೂರು, ಮಂಗಳೂರಿನಲ್ಲಿ 13 ಡಿಗ್ರಿ, ಹುಬ್ಬಳ್ಳಿಯಲ್ಲಿ 15, ಬೀದರಿನಲ್ಲಿ 18. ಒಂದು ಅಪಾರ್ಟ್‌ಮೆಂಟು ಅಥವಾ ನಾಲ್ಕು ತೆಂಗಿನ ಮರ ಸಾಕು, ಧ್ರುವ ಕಾಣೆ. ಯುರೋಪಿನಂಥ ಎತ್ತರದ ಅಕ್ಷಾಂಶಗಳಿಗೆ ಒಗ್ಗುವ ಸಣ್ಣ ಮೌಂಟುಗಳನ್ನು 13 ಡಿಗ್ರಿಗೆ ಮಲಗಿಸಿದರೆ ಭಾರದ ಕಂಬಿ ಮುಕ್ಕಾಲಿಯ ಕಾಲಿಗೆ ಬಡಿಯುವುದೂ ಉಂಟು. ಫೋಟೋ ತೆಗೆಯುವ ಉದ್ದೇಶವಿಲ್ಲದವರಿಗೆ ಇದರ ಗೊಡವೆ ಬೇಡ.

ಪಿಯು ಅಥವಾ ಡಿಗ್ರಿ ಕಾಲೇಜಿನವರು ಕೊಳ್ಳುವ ಬದಲು ಕನ್ನಡಿಯನ್ನು ತಾವೇ ಉಜ್ಜಿ ಮಾಡಬಹುದು. ಎರಡು ಸಮನಾದ 150 ಮಿ.ಮೀ. ಗಾಜಿನ ಬಿಲ್ಲೆ. ಕೆಳಗಿನದನ್ನು ಮೇಜಿಗೆ ಬಿಗಿದು, ಮೇಲೆ ಚಿರೋಟಿ ರವೆಯಂಥ 80 ನಂಬರಿನ ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ, ಇನ್ನೊಂದು ಬಿಲ್ಲೆಯನ್ನು ಅದರ ಮೇಲೆ ಹಿಂದೆಮುಂದೆ ಉಜ್ಜುತ್ತ, ನಡುನಡುವೆ ಬಿಲ್ಲೆಯನ್ನು ತಿರುಗಿಸುತ್ತ, ಮೇಜಿನ ಸುತ್ತ ತಾವೂ ಸುತ್ತುತ್ತ ಹೋದರೆ ಮೇಲಿನದು ತಾನಾಗಿ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. 1200 ಮಿ.ಮೀ. ಸಂಗಮದೂರಕ್ಕೆ ನಟ್ಟನಡುವೆ ಬೇಕಾದ ತಗ್ಗು ಎಷ್ಟು ಗೊತ್ತೆ? 1.17 ಮಿ.ಮೀ. ಮಾತ್ರ. ಸಾಕಾಯಿತೇ ಎಂದು ನೋಡಲು ಗಾಜಿಗೆ ನೀರು ಹಚ್ಚಿ ಸೂರ್ಯನ ಪ್ರತಿಫಲನವನ್ನು ಗೋಡೆಗೆ ಬೀಳಿಸಬೇಕು. ಬೆಳಕಿನ ಮಚ್ಚೆ ತೀರ ಚಿಕ್ಕದಾಗುವ ದೂರವೇ ಆ ಹೊತ್ತಿನ ಸಂಗಮದೂರ. ಆಮೇಲೆ 120, 220, 400 ಹೀಗೆ ನುಣುಪು ಪುಡಿಗಳು, ಕೊನೆಗೆ ಡಾಂಬರಿನಂಥ ಪಿಚ್ ಮೇಲೆ ಸೀರಿಯಂ ಆಕ್ಸೈಡಿನ ಪಾಲಿಷ್. ಕೆಲಸ ಕೆಡುವುದು ಒಂದೇ ಜಾಗದಲ್ಲಿ: ಪುಡಿ ಬದಲಿಸುವಾಗ. ಹಿಂದಿನ ಪುಡಿಯ ಒಂದೇ ಒಂದು ಹರಳು ಉಗುರಿನ ಸಂದಿಯಲ್ಲೋ ಅಂಗಿಯ ತೋಳಿನಲ್ಲೋ ಉಳಿದು ಗಾಜಿಗೆ ಬಿದ್ದರೆ ಗೀರು ಬಿತ್ತೆಂದೇ ಲೆಕ್ಕ, ಮತ್ತೆ ಹಿಂದಿನ ಪುಡಿಗೇ ಮರಳಬೇಕು. ಅದಕ್ಕೇ ಪ್ರತಿ ಸಲವೂ ಮೇಜಿನ ಕಾಗದ, ಬಕೆಟ್ಟು, ಒರೆಸುವ ಬಟ್ಟೆ ಎಲ್ಲ ಬದಲಾಗಬೇಕು. ಹೊಳಪು ಬಂದ ಮೇಲೆ ಬ್ಲೇಡಿನ ಅಂಚು ಮತ್ತು ಸಣ್ಣ ಎಲ್‌ಇಡಿ ಇಟ್ಟು ಕನ್ನಡಿಯಿಂದ 2400 ಮಿ.ಮೀ. ದೂರದಲ್ಲಿ ಫೂಕೊ ಪರೀಕ್ಷೆ ಮಾಡಿದರೆ ಕೂದಲೆಳೆಯ ಸಾವಿರದ ಒಂದು ಭಾಗದ ಉಬ್ಬುತಗ್ಗೂ ನೆರಳಾಗಿ ಕಾಣುತ್ತದೆ. ಅಲ್ಯೂಮಿನಿಯಂ ಲೇಪ ಮಾತ್ರ ನಿರ್ವಾತ ಕೋಣೆಯಿದ್ದಲ್ಲಿಗೆ ಕಳಿಸಿ ಮಾಡಿಸಬೇಕು. ಪೀಠಕ್ಕೆ 18 ಮಿ.ಮೀ. ಪ್ಲೈವುಡ್, ತಿರುಗುವ ಕಡೆ ಸನ್‌ಮೈಕ, ಅದರಡಿ ಮೂರು ಟೆಫ್ಲಾನ್ ಚೂರು. ಊರಿನ ಬಡಗಿಯ ಕೈಕೆಲಸ.

ತಂದ ಮೇಲೆ ಮಾಡಬೇಕಾದ ಮೊದಲ ಕೆಲಸ ಹಗಲಿನದು. ಫೈಂಡರ್ ಎಂಬ ಪುಟ್ಟ ಸಹಾಯಕ ಕೊಳವೆಯೂ ದೊಡ್ಡ ಕೊಳವೆಯೂ ಒಂದೇ ಕಡೆ ನೋಡುತ್ತಿರಬೇಕು. ಒಂದು ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರಿನ ತುದಿಯನ್ನು ಅತಿ ಉದ್ದ ಸಂಗಮದೂರದ ಐಪೀಸಿನಲ್ಲಿ, ಅಂದರೆ 20 ಅಥವಾ 25 ಮಿ.ಮೀ.ನದರಲ್ಲಿ, ನಡುವೆ ತಂದು ನಿಲ್ಲಿಸಿ. ಫೈಂಡರಿನ ತಿರುಪುಗಳನ್ನು ತಿರುಗಿಸುತ್ತ ಅದೇ ತುದಿ ಅದರ ಅಡ್ಡಗೀಟಿನ ನಡುವೆ ಬರುವಂತೆ ಮಾಡಿ. ಹತ್ತಿರದ ಮರ, ಎದುರು ಮನೆಯ ಟ್ಯಾಂಕು ಆಗದು, ಎರಡು ಕೊಳವೆಗಳ ನಡುವಿನ ಅಂತರವೇ ಅಲ್ಲಿ ದೋಷವಾಗುತ್ತದೆ. ‘ಏನೂ ಕಾಣಿಸುತ್ತಿಲ್ಲ’ ಎಂಬ ದೂರಿನ ಬಹುಪಾಲು ಇದೊಂದನ್ನು ಬಿಟ್ಟಿದ್ದರಿಂದ ಬಂದದ್ದು. ರಾತ್ರಿಯೂ ಮೊದಲು ಉದ್ದದ ಐಪೀಸಿನಲ್ಲೇ ಹುಡುಕಿ, ಸಿಕ್ಕ ಮೇಲೆ 10 ಮಿ.ಮೀ.ಗೆ ಬದಲಿಸಿ.

ಜಾಗದ ಮಾತು. ಕಿಟಕಿಯ ಗಾಜಿನ ಹಿಂದಿನಿಂದ ನೋಡಬೇಡಿ. ಆರ್‌ಸಿಸಿ ತಾರಸಿ ಹಗಲಿಡೀ ಹೀರಿದ ಬಿಸಿಯನ್ನು ರಾತ್ರಿ ಹತ್ತರವರೆಗೂ ಬಿಡುತ್ತಿರುತ್ತದೆ. ಅದರ ಮೇಲಿಂದ ನೋಡಿದ ಗುರು ಹೊಳೆಯ ತಳದ ಕಲ್ಲಿನಂತೆ ಅಲುಗುತ್ತಿರುತ್ತಾನೆ. ಮಣ್ಣಿನ ಅಂಗಳ, ಹುಲ್ಲಿನ ಮೈದಾನ ಎಷ್ಟೋ ವಾಸಿ. ಕನ್ನಡಿಗೂ ಹೊರಗಿನ ಗಾಳಿಗೆ ತಣಿಯಲು ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ನಿಂತು ಬಗ್ಗಿ ನೋಡುವುದಕ್ಕಿಂತ ಸ್ಟೂಲಿನ ಮೇಲೆ ಕೂತು ನೋಡಿದರೆ ಹೆಚ್ಚು ವಿವರ ಕಾಣುತ್ತದೆ ಎಂದರೆ ನಂಬುವವರು ಕಡಿಮೆ, ಮಾಡಿ ನೋಡಿ.

ನ್ಯೂಟನ್ ಮಾದರಿಯ ಎರಡು ಕನ್ನಡಿಗಳು ಸಾಗಣೆಯಲ್ಲಿ ಅಲುಗಿರುತ್ತವೆ. ಐಪೀಸಿನ ಜಾಗಕ್ಕೆ ಸರಿಯಾಗಿ ಕೂರುವ ಪ್ಲಾಸ್ಟಿಕ್ ಮುಚ್ಚಳದ ನಡುವೆ 2 ಮಿ.ಮೀ. ತೂತು ಕೊರೆದು ಅದರ ಮೂಲಕ ಕಣ್ಣಿಡಿ. ಓರೆಯಾಗಿ ನಿಂತ ಸಣ್ಣ ಕನ್ನಡಿಯ ಮೂರು ತಿರುಪುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಅದರೊಳಗೆ ಕೆಳಗಿನ ದೊಡ್ಡ ಕನ್ನಡಿಯ ಸುತ್ತಂಚು ಪೂರ್ತಿ ಕಾಣುವಂತೆ ಮಾಡಬೇಕು. ಆಮೇಲೆ ಕೊಳವೆಯ ಬುಡದ ತಿರುಪುಗಳಿಂದ, ಸಣ್ಣ ಕನ್ನಡಿಯ ಪ್ರತಿಬಿಂಬವನ್ನು ದೊಡ್ಡದರ ನಡುವಿನ ಗುರುತಿಗೆ ತರಬೇಕು. ಕ್ರಮ ತಲೆಕೆಳಗಾದರೆ ಇಡೀ ಸಂಜೆ ಹೋಯಿತು. ಪರೀಕ್ಷೆ ರಾತ್ರಿ: ಧ್ರುವದಂಥ ನಕ್ಷತ್ರವನ್ನು 100 ಪಟ್ಟಿನಲ್ಲಿ ನಡುವೆ ಇಟ್ಟು ಫೋಕಸನ್ನು ಚೂರು ಕೆಡಿಸಿ. ಉಂಗುರಗಳು ಒಂದರೊಳಗೊಂದು ಸಮವಾಗಿದ್ದರೆ ಸರಿ. ಒಂದು ಪಕ್ಕಕ್ಕೆ ಒತ್ತಿಕೊಂಡು ಧೂಮಕೇತುವಿನ ಬಾಲದಂತೆ ಹರಡಿದ್ದರೆ ಬುಡದ ತಿರುಪು ಇನ್ನೂ ಕೆಲಸ ಬೇಡುತ್ತಿದೆ. ಮಸೂರದ ದೂರದರ್ಶಕದವರು ಮುಂದಿನ ಗಾಜನ್ನು ಬಿಚ್ಚುವ ಉಮೇದು ತೋರಬೇಡಿ. ಅಲ್ಲಿರುವುದು ಎರಡು ಗಾಜುಗಳ ಜೋಡಿ, ತಿರುಗುಮುರುಗಾಗಿ ಕೂತರೆ ಮತ್ತೆ ಸರಿಹೋಗುವುದು ಕಷ್ಟ.

ಕೆಲವು ಡಬ್ಬಗಳಲ್ಲಿ ಐಪೀಸಿಗೆ ತಿರುಪುವ ‘ಸನ್’ ಎಂದು ಬರೆದ ಕಡುಹಸಿರು ಗಾಜಿರುತ್ತದೆ. ಅದನ್ನು ಇವತ್ತೇ ಸುತ್ತಿಗೆಯಿಂದ ಒಡೆದು ಕಸಕ್ಕೆ ಹಾಕಿ. ಮಧ್ಯಾಹ್ನ 60 ಮಿ.ಮೀ. ಮಸೂರ ಸುಮಾರು 2.8 ವಾಟ್ ಬಿಸಿಲನ್ನು ಆರೂವರೆ ಮಿ.ಮೀ. ಮಚ್ಚೆಯಾಗಿ ಒಟ್ಟುಮಾಡುತ್ತದೆ, ಅದೂ ಈ ಗಾಜಿನ ಹತ್ತಿರದಲ್ಲೇ. ಕಾದ ಗಾಜು ಸಿಡಿಯುವ ಗಳಿಗೆಯಲ್ಲಿ ಅದರ ಹಿಂದೆ ಇರುವುದು ಮಗುವಿನ ಕಣ್ಣು. ಸೂರ್ಯನಿಗೆ ಫಿಲ್ಟರ್ ಯಾವಾಗಲೂ ಕೊಳವೆಯ ಮುಂದಿನ ಬಾಯಿಗೆ, ಬೆಳಕಿನ ಲಕ್ಷದಲ್ಲೊಂದು ಭಾಗವನ್ನಷ್ಟೇ ಬಿಡುವ ಸೋಲಾರ್ ಫಿಲ್ಮು, ಗಾಳಿಗೆ ಹಾರದಂತೆ ಟೇಪು ಸುತ್ತಿ. ಫೈಂಡರಿನ ಬಾಯಿಯನ್ನೂ ಮುಚ್ಚಿರಬೇಕು. 2027ರ ಆಗಸ್ಟ್ 2ರ ಸೂರ್ಯಗ್ರಹಣ ನಮ್ಮಲ್ಲಿ ಪಾರ್ಶ್ವವಾಗಿ ಕಾಣಲಿದೆ. ಮಳೆಮೋಡ ಬಿಟ್ಟರೆ ಎಷ್ಟೋ ಶಾಲೆಗಳಲ್ಲಿ ಆ ದಿನ ಅಟ್ಟದ ಕೊಳವೆ ಕೆಳಗಿಳಿಯುತ್ತದೆ. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿರುವುದು.

ದಿನ ಗೊತ್ತುಮಾಡಲು ಗೋಡೆಯ ಪಂಚಾಂಗವೇ ಸಾಕು. ಹುಣ್ಣಿಮೆಗೆ ಚಂದ್ರವೀಕ್ಷಣೆ ಇಟ್ಟುಕೊಳ್ಳುವ ಶಾಲೆಗಳಿವೆ. ಆ ದಿನ ಚಂದ್ರನ ಮೇಲೆ ಬಿಸಿಲು ನೆತ್ತಿಯಿಂದ ಬಿದ್ದು ನೆರಳೇ ಇರುವುದಿಲ್ಲ, ಸುಣ್ಣದ ತಟ್ಟೆ ನೋಡಿದಂತೆ. ಶುಕ್ಲ ಪಂಚಮಿಯಿಂದ ದಶಮಿಯೊಳಗೆ, ಅದರಲ್ಲೂ ಅಷ್ಟಮಿಯ ಸಂಜೆ, ಬೆಳಕು ಕತ್ತಲೆಯ ಗಡಿಯಲ್ಲಿ ಒಂದೊಂದು ಕುಳಿಯ ಅಂಚೂ ನೆರಳು ಚೆಲ್ಲಿ ಎದ್ದು ನಿಲ್ಲುತ್ತದೆ. ನೀಹಾರಿಕೆ, ನಕ್ಷತ್ರಗುಚ್ಛಗಳಿಗೆ ಕೃಷ್ಣ ಅಷ್ಟಮಿಯಿಂದ ಅಮಾವಾಸ್ಯೆ ದಾಟಿ ಶುಕ್ಲ ತದಿಗೆಯವರೆಗೆ. ಬಣ್ಣ ಕಾಣುತ್ತದೆಂಬ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಕತ್ತಲಲ್ಲಿ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡುವುದಿಲ್ಲ, ಫೋಟೋದ ಕೆಂಪು ನೀಹಾರಿಕೆ ಕಣ್ಣಿಗೆ ಬೂದುಬಣ್ಣದ ಹೊಗೆ. ಅದಕ್ಕೂ ಇಪ್ಪತ್ತು ಮೂವತ್ತು ನಿಮಿಷ ಕತ್ತಲಿಗೆ ಒಗ್ಗಿರಬೇಕು. ಯಾರೋ ಒಬ್ಬರು ಮೊಬೈಲ್ ಟಾರ್ಚ್ ಹಾಕಿದರೆ ಎಲ್ಲರಿಗೂ ಮೊದಲಿನಿಂದ.

ಪಾಶ್ಚಾತ್ಯ ಪುಸ್ತಕ ನೋಡಿ ಪಟ್ಟಿ ಮಾಡುವವರು ನಮ್ಮ ಆಕಾಶದ ಅರ್ಧ ಸಿರಿಯನ್ನು ಬಿಟ್ಟುಬಿಡುತ್ತಾರೆ. ಏಪ್ರಿಲ್ ಕೊನೆಯ ರಾತ್ರಿ ಹನ್ನೊಂದಕ್ಕೆ ಅಥವಾ ಮೇ ಕೊನೆಯ ರಾತ್ರಿ ಒಂಬತ್ತಕ್ಕೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಸಪ್ತರ್ಷಿಯ ಬಾಲದಲ್ಲಿ ವಸಿಷ್ಠ, ಅಂಟಿಕೊಂಡಂತೆ ಅರುಂಧತಿ. ಮದುವೆಯಲ್ಲಿ ಹಗಲಲ್ಲೇ ತೋರಿಸುವ ಅದೇ ಜೋಡಿ. 60 ಮಿ.ಮೀ. ಕೊಳವೆ 50 ಪಟ್ಟಿನಲ್ಲಿ ವಸಿಷ್ಠನನ್ನೇ 14 ಆರ್ಕ್‌ಸೆಕೆಂಡು ಅಂತರದ ಎರಡು ನಕ್ಷತ್ರಗಳಾಗಿ ಒಡೆದು ತೋರಿಸುತ್ತದೆ. ಒಡೆಯದಿದ್ದರೆ ಕೊಳವೆಯಲ್ಲೋ ಫೋಕಸಿನಲ್ಲೋ ದೋಷವಿದೆ. ಈಗ ನಿಂತಲ್ಲೇ ಹಿಂದಿರುಗಿ ನೇರ ದಕ್ಷಿಣಕ್ಕೆ ನೋಡಿ, ದಿಗಂತದಿಂದ 30 ಡಿಗ್ರಿ ಮೇಲೆ, ಚಾಚಿದ ಕೈಯ ಮೂರು ಮುಷ್ಟಿ ಎತ್ತರದಲ್ಲಿ, ಮಂಜುಕಟ್ಟಿದ ಚುಕ್ಕಿ. ಒಮೆಗಾ ಸೆಂಟಾರಿ, ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಳ, ಆಕಾಶದಲ್ಲಿ ಚಂದ್ರನಷ್ಟು ಅಗಲ. ಬೈನಾಕ್ಯುಲರಿನಲ್ಲಿ ಹತ್ತಿಯ ಉಂಡೆ, 150 ಮಿ.ಮೀ. ಕನ್ನಡಿಯಲ್ಲಿ ಚೆಲ್ಲಿದ ಸಕ್ಕರೆ. ಲಂಡನ್ನಿನವರಿಗೆ ಇದು ಹುಟ್ಟುವುದೇ ಇಲ್ಲ.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ನಿಮ್ಮಲ್ಲಿ ದೂರದರ್ಶಕ ಸಾಯುವುದು ಬೂಷ್ಟಿನಿಂದ. ಜೂನಿನಲ್ಲಿ ಫೋಮ್ ಹಾಕಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಮಸೂರದ ಮೇಲೆ ಅಕ್ಟೋಬರಿನಲ್ಲಿ ಜೇಡರ ಬಲೆಯಂಥ ಎಳೆಗಳಿರುತ್ತವೆ. ಬಿಟ್ಟರೆ ಅದರ ಆಮ್ಲ ಗಾಜನ್ನೇ ಕೊರೆಯುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗದು. ಫೋಮ್ ತೇವ ಹಿಡಿಯುತ್ತದೆ, ತೆಗೆದುಹಾಕಿ. ಐಪೀಸುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡಿ. ಅದು ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ನೀಲಿಯಾಗುತ್ತದೆ (ಅಡುಗೆಗೆ ಬಳಸುವ ಬಾಣಲೆ ಬೇಡ). ಸಿಲಿಕಾ ಬದಲು ಅಕ್ಕಿ ಹಾಕುವವರಿದ್ದಾರೆ, ತೌಡಿನ ಧೂಳು ಮಸೂರಕ್ಕೆ ಮೆತ್ತುವುದೇ ಲಾಭ. ಇಬ್ಬನಿ ಬಿದ್ದ ಮಸೂರವನ್ನು ಒರೆಸದೆ, ಮುಚ್ಚಳ ಹಾಕದೆ, ಒಳಗೆ ತಂದು ತಾನಾಗಿ ಆರಲು ಬಿಡಿ. ಕನ್ನಡಿಗೆ ಕೊಳೆ ಕೂತಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಪಾತ್ರೆ ಸೋಪಿನ ಒಂದು ಹನಿ ಬೆರೆಸಿ, ನೆನೆದ ಹತ್ತಿಯನ್ನು ಅದರ ಭಾರದಲ್ಲೇ ಎಳೆಯಬೇಕು, ಒತ್ತಬಾರದು. ಪಂಚೆಯ ತುದಿ, ಸೆರಗಿನ ಅಂಚು ಖಂಡಿತ ಬೇಡ.

ಶಾಲೆಗಳ ಖರೀದಿ ಪತ್ರ ಬರೆಯುವವರಲ್ಲಿ ನಮ್ಮ ವಿನಂತಿ ಇಷ್ಟೇ: ‘ವರ್ಧನೆ 500ಕ್ಕೆ ಕಡಿಮೆಯಿರಬಾರದು’ ಎಂಬ ಸಾಲನ್ನು ಹೊಡೆದುಹಾಕಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ: ‘ಮುಖ್ಯ ಕನ್ನಡಿ 130 ಮಿ.ಮೀ.ಗೆ ಕಡಿಮೆಯಿರಬಾರದು. ಡಾಬ್ಸೋನಿಯನ್ ಪೀಠ. ಐಪೀಸಿನ ಬಾಯಿ 31.7 ಮಿ.ಮೀ. ಅಳತೆಯದು. 25 ಮತ್ತು 10 ಮಿ.ಮೀ. ಐಪೀಸುಗಳು. ಕೊಳವೆಯನ್ನು ಬೆರಳಿಂದ ತಟ್ಟಿದರೆ 100 ಪಟ್ಟಿನಲ್ಲಿ ನಡುಕ 3 ಸೆಕೆಂಡಿನೊಳಗೆ ನಿಲ್ಲಬೇಕು.’ ಕೊನೆಯ ಷರತ್ತೊಂದೇ ಅರ್ಧ ಆಟಿಕೆಗಳನ್ನು ಬಾಗಿಲಲ್ಲೇ ತಡೆಯುತ್ತದೆ.

ಈಗಾಗಲೇ 525ರ ಕೊಳವೆ ಕೊಂಡವರು ಅದನ್ನು ಗುಜರಿಗೆ ಹಾಕಬೇಕಿಲ್ಲ. ಬಾರ್ಲೊ, 4 ಮಿ.ಮೀ. ಐಪೀಸ್, ಬಿಂಬ ನೆಟ್ಟಗೆ ಮಾಡುವ ಉದ್ದನೆಯ ಕೊಳವೆ ಮೂರನ್ನೂ ಡ್ರಾಯರಿಗೆ ಹಾಕಿ ಮರೆತುಬಿಡಿ. ಮುಕ್ಕಾಲಿಯ ಕಾಲುಗಳನ್ನು ಎಳೆಯದೆ ಗಿಡ್ಡವಾಗಿಯೇ ನಿಲ್ಲಿಸಿ, ನಡುವಿನಿಂದ ಎರಡು ಲೀಟರಿನ ನೀರು ತುಂಬಿದ ಬಾಟಲಿಯನ್ನು ನೆಲಕ್ಕೆ ತಾಗಿಯೂ ತಾಗದಂತೆ ಇಳಿಬಿಡಿ. ಪಕ್ಕದಲ್ಲಿ ಒಂದು ಮಣೆ ಅಥವಾ ಸ್ಟೂಲು. ಜೊತೆಗೆ ಬಂದ 20 ಮಿ.ಮೀ. ಐಪೀಸ್ ಹಾಕಿದರೆ 35 ಪಟ್ಟು. ಶನಿಯ ಉಂಗುರಗಳು 2025ರ ಮಾರ್ಚಿನಲ್ಲಿ ನಮ್ಮ ಕಡೆಗೆ ಅಂಚು ತಿರುಗಿಸಿ ಗೀಟಿನಂತಾಗಿದ್ದವು, ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿವೆ, 2032ರ ಹೊತ್ತಿಗೆ ಪೂರ್ತಿ ಹರಡಿಕೊಳ್ಳುತ್ತವೆ. ಆ 35 ಪಟ್ಟಿನಲ್ಲಿ ಶನಿ ಸಾಸಿವೆಯಷ್ಟೇ ಕಾಣುತ್ತದೆ, ಆದರೆ ಉಂಗುರದ ಸಮೇತ.

ಇಂತಿ,
ಹವ್ಯಾಸಿ ಆಕಾಶ ವೀಕ್ಷಕರು,
ಶಿವಮೊಗ್ಗ